ಕಾಲಿನಿಂದ ಆಸನಕ್ಕೆ ಇಳಿದ ಭಾರ

ದಕ್ಷಿಣ ಬೆಂಗಳೂರಿನ ಬನಶಂಕರಿಯಿಂದ ಜಯನಗರಕ್ಕೆ, ಜೆ.ಪಿ. ನಗರದಿಂದ ಬಿಟಿಎಂ ಬಡಾವಣೆಗೆ ದಿನವೂ ಐದಾರು ಕಿಲೋಮೀಟರು ಹೋಗಿಬರುವವರಿಗೆ ವಿದ್ಯುತ್ ಸೈಕಲ್ಲಿನ ಅನುಕೂಲಗಳನ್ನು ವಿವರಿಸಿ ಹೇಳಬೇಕಾಗಿಲ್ಲ. ರಾಗಿಗುಡ್ಡದ ಸುತ್ತಲಿನ ಏರುಗಳಲ್ಲಿ ಏದುಸಿರು ಬಿಡದೆ, ಅಂಗಿ ಬೆವರಿನಲ್ಲಿ ತೋಯದೆ ಕಚೇರಿ ಮುಟ್ಟಬಹುದು. ಮೋಟಾರಿನ ಶಕ್ತಿ 250 ವಾಟ್‌ನೊಳಗೆ, ವೇಗ ಗಂಟೆಗೆ 25 ಕಿಲೋಮೀಟರಿನೊಳಗೆ ಇರುವ ಪೆಡಲುಳ್ಳ ಸೈಕಲ್ಲನ್ನು ಕೇಂದ್ರ ಮೋಟಾರು ವಾಹನ ನಿಯಮಗಳು ಮೋಟಾರು ವಾಹನವೆಂದು ಎಣಿಸುವುದಿಲ್ಲವಾದ್ದರಿಂದ ಪರವಾನಗಿ, ನೋಂದಣಿಗಳ ಗೊಡವೆಯೂ ಇಲ್ಲ. ಇಷ್ಟಾಗಿಯೂ ಕೊಂಡ ಕೆಲವೇ ತಿಂಗಳಲ್ಲಿ ಮನೆಯ ಮೂಲೆ ಸೇರಿ ಧೂಳು ಹಿಡಿಯುವ ಸೈಕಲ್ಲುಗಳುಂಟು, ಮತ್ತು ಬ್ಯಾಟರಿ, ಮೋಟಾರುಗಳು ಚೆನ್ನಾಗಿಯೇ ಇದ್ದು ಸವಾರರ ಸೊಂಟ, ಮಣಿಕಟ್ಟು, ಕತ್ತುಗಳ ನೋವೇ ಅದಕ್ಕೆ ಕಾರಣವಾಗಿರುವುದು ಅಪರೂಪವೇನಲ್ಲ.

ಈ ನೋವಿನ ಹೊಣೆಯನ್ನು ರಸ್ತೆಯ ಮೇಲೆ ಹೊರಿಸಿಬಿಡುವುದು ಸುಲಭ, ರಸ್ತೆಗಳೂ ಆ ಆರೋಪಕ್ಕೆ ಧಾರಾಳವಾಗಿ ಅರ್ಹವಾಗಿವೆ. ಆದರೆ ಅದೇ ರಸ್ತೆಯಲ್ಲಿ ಸಾಮಾನ್ಯ ಸೈಕಲ್ಲು ತುಳಿದು ಹೋಗುವವರಿಗಿಂತ ವಿದ್ಯುತ್ ಸೈಕಲ್ಲಿನವರಿಗೆ ಕುಲುಕಾಟ ಹೆಚ್ಚು ತಾಗುವುದೇಕೆ ಎಂಬ ಪ್ರಶ್ನೆಗೆ ರಸ್ತೆಯೊಂದೇ ಉತ್ತರವಾಗದು. ಸೈಕಲ್ಲೇರಿದ ದೇಹದ ಭಾರವನ್ನು ಪೆಡಲು, ಆಸನ, ಹ್ಯಾಂಡಲು ಎಂಬ ಮೂರು ಜಾಗಗಳು ಹಂಚಿಕೊಂಡು ಹೊರುತ್ತವೆ. ಕಾಲು ಪೆಡಲನ್ನು ಬಲವಾಗಿ ಕೆಳಕ್ಕೊತ್ತಿದಷ್ಟೂ ಅದೇ ಬಲ ದೇಹವನ್ನು ಮೇಲಕ್ಕೆತ್ತುವುದರಿಂದ ಆಸನದ ಮೇಲಿನ ಭಾರ ಇಳಿಯುತ್ತದೆ. ಬೆವರು ಸುರಿಸಿ ಏರು ಹತ್ತುವವರ ಕಾಲುಗಳು ಅವರಿಗೆ ಅರಿವಿಲ್ಲದೆಯೇ ಎರಡು ಸ್ಪ್ರಿಂಗುಗಳಾಗಿ ದುಡಿಯುತ್ತಿರುತ್ತವೆ. ಮೋಟಾರು ಆ ದುಡಿಮೆಯನ್ನು ತಾನು ವಹಿಸಿಕೊಂಡೊಡನೆ ಕಾಲುಗಳು ಸುಮ್ಮನೆ ತಿರುಗತೊಡಗುತ್ತವೆ, ಅವು ಹೊತ್ತಿದ್ದ ಭಾರ ಆಸನಕ್ಕೂ ಅಂಗೈಗಳಿಗೂ ಇಳಿದು ನಿಲ್ಲುತ್ತದೆ. ಥ್ರಾಟಲ್ಲನ್ನು, ಎಂದರೆ ಪೆಡಲು ತುಳಿಯದೆಯೇ ಸೈಕಲ್ಲನ್ನು ಓಡಿಸುವ ಹಿಡಿಯ ಬಳಿಯ ತಿರುಪನ್ನು, ಸದಾ ಬಳಸುವವರಂತೂ ಕುರ್ಚಿಯಲ್ಲಿ ಕುಳಿತಂತೆ ಪೂರ್ಣವಾಗಿ ಕುಳಿತುಬಿಟ್ಟಿರುತ್ತಾರೆ.

ಇದರೊಡನೆ ವೇಗದ ಲೆಕ್ಕವೂ ಸೇರುತ್ತದೆ. ಗಂಟೆಗೆ 12 ಕಿಲೋಮೀಟರಿನಲ್ಲಿ ಹೋಗುತ್ತಿದ್ದವರು 24ಕ್ಕೆ ಏರಿದರೆ, ಗುಂಡಿಯ ಅಂಚು ಚಕ್ರವನ್ನು ಮೇಲಕ್ಕೆ ಎಸೆಯುವ ವೇಗ ಇಮ್ಮಡಿಯಾಗುತ್ತದೆ, ಆ ಹೊಡೆತದಲ್ಲಿ ಅಡಗಿರುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಸ್ಕೂಟರಿಗೆ ಹತ್ತಿರದ ವೇಗವನ್ನು, ಸ್ಕೂಟರಿನ ದಪ್ಪ ಟೈರಾಗಲಿ ಅಗಲವಾದ ಸೀಟಾಗಲಿ ಹಿಂದುಮುಂದಿನ ಶಾಕ್ ಅಬ್ಸಾರ್ಬರುಗಳಾಗಲಿ ಇಲ್ಲದ ಕಟ್ಟಿನ ಮೇಲೆ ಕೂರಿಸಿರುವುದೇ ವಿದ್ಯುತ್ ಸೈಕಲ್ಲಿನ ಮೂಲ ತೊಡಕು.

ಕುಲುಕಾಟವನ್ನು ಅಳೆಯುವವರು ಅದನ್ನು ಎರಡು ಬಗೆಯಾಗಿ ನೋಡುತ್ತಾರೆ: ಒಮ್ಮೆಲೇ ಬರುವ ಹೊಡೆತ ಒಂದು, ನಿಲ್ಲದೆ ನಡೆಯುವ ಕಂಪನ ಇನ್ನೊಂದು. ಕಂಪನವು ಸೆಕೆಂಡಿಗೆ ಎಷ್ಟು ಸಲ ಮರುಕಳಿಸುತ್ತದೆ ಎಂಬ ಎಣಿಕೆಗೆ ಹರ್ಟ್ಜ್ ಎಂದು ಹೆಸರು. ಕುಳಿತ ಮನುಷ್ಯನ ದೇಹ ಮೇಲೆ ಕೆಳಗಿನ ಅಲುಗಾಟವನ್ನು 4ರಿಂದ 8 ಹರ್ಟ್ಜ್ ನಡುವೆ ಎಲ್ಲಕ್ಕಿಂತ ಕಡಿಮೆ ಸಹಿಸುತ್ತದೆ ಎಂಬ ತಿಳಿವಳಿಕೆ, ವಾಹನಗಳ ಕಂಪನವನ್ನು ಅಳೆಯಲು ಬಳಸುವ ಐಎಸ್‌ಒ 2631 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಅಡಕವಾಗಿದೆ. ತೊಟ್ಟಿಲು ಹಿಂದಿರುಗುವ ಹೊತ್ತಿಗೆ ಸರಿಯಾಗಿ ಒಂದು ಬೆರಳು ತಾಗಿಸಿದರೂ ಅದರ ತೂಗಾಟ ಹೆಚ್ಚುತ್ತಾ ಹೋಗುವಂತೆ, ಈ ಎಣಿಕೆಯ ಕಂಪನ ಬಂದಾಗ ಹೊಟ್ಟೆ, ಬೆನ್ನುಗಳು ತಾವೂ ಅದರ ತಾಳಕ್ಕೆ ಕುಣಿಯತೊಡಗುತ್ತವೆ. ಗಂಟೆಗೆ 25 ಕಿಲೋಮೀಟರು ಎಂದರೆ ಸೆಕೆಂಡಿಗೆ ಸುಮಾರು 7 ಮೀಟರು. ಮೀಟರಿಗೊಂದರಂತೆ ಉಬ್ಬುತಗ್ಗು ಇರುವ ರಸ್ತೆ ಆ ವೇಗದಲ್ಲಿ ಸರಿಯಾಗಿ 7 ಹರ್ಟ್ಜ್ ಕಂಪನವನ್ನು ಹುಟ್ಟಿಸುತ್ತದೆ. 15 ಕಿಲೋಮೀಟರಿಗೆ ಇಳಿಸಿದರೂ 4 ಹರ್ಟ್ಜ್ ಆಗುವುದರಿಂದ ಎಣಿಕೆಯಲ್ಲಿ ಬಿಡುಗಡೆಯಿಲ್ಲ, ಹೊಡೆತದ ಬಿರುಸು ತಗ್ಗುತ್ತದೆ ಅಷ್ಟೆ. ಇಂಟರ್‌ಲಾಕ್ ಇಟ್ಟಿಗೆಯ ಹಾಸಿನಂಥ ಸಣ್ಣ ಅಂತರದ ಒರಟುತನ ಸೆಕೆಂಡಿಗೆ ಮೂವತ್ತಕ್ಕೂ ಹೆಚ್ಚು ಸಲ ನಡುಗಿಸುತ್ತದೆ, ಅದು ಬೆನ್ನಿಗಿಂತ ಹೆಚ್ಚಾಗಿ ಬೆರಳುಗಳಿಗೆ ಏರಿ ಜೋಮು ತರುತ್ತದೆ.

ದಕ್ಷಿಣ ಬೆಂಗಳೂರಿನ ರಸ್ತೆಗಳಲ್ಲಿ ಈ ಎಲ್ಲ ಬಗೆಗಳೂ ಒಂದೇ ಸವಾರಿಯಲ್ಲಿ ಸಿಗುತ್ತವೆ. 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರದ ಅಗಲವಾದ ಅಡ್ಡರಸ್ತೆಗಳಿಗೆ ನೆರಳು ಕೊಡುವ ಮರಗಳ ಬೇರುಗಳೇ ಕೆಲವೆಡೆ ರಸ್ತೆಯಂಚನ್ನು ಎಬ್ಬಿಸಿರುತ್ತವೆ. ನೀರಿನ ಕೊಳವೆ, ಒಳಚರಂಡಿ, ಅಡುಗೆ ಅನಿಲ, ಕೇಬಲ್ಲುಗಳಿಗೆಂದು ಅಗೆದು ಮುಚ್ಚಿದ ಕಾಲುವೆಗಳು ಮಳೆಗಾಲ ಮುಗಿಯುವ ಹೊತ್ತಿಗೆ ಕುಸಿದು ಉದ್ದಕ್ಕೂ ಗೆರೆ ಕೊರೆದಂತೆ ಉಳಿಯುತ್ತವೆ. ವೈಟ್ ಟಾಪಿಂಗ್, ಎಂದರೆ ಹಳೆಯ ಡಾಂಬರಿನ ಮೇಲೆ ಹಾಸುವ ಕಾಂಕ್ರೀಟು, ಹೊಸದರಲ್ಲಿ ಸಪಾಟಾಗಿರುತ್ತದೆ; ಅದನ್ನು ಚೌಕಗಳಾಗಿ ಕತ್ತರಿಸಿದ ಕೀಲುಗಳ ಅಂಚು ಒಡೆದಲ್ಲಿ, ಒಳಚರಂಡಿಯ ಮುಚ್ಚಳ ಮಟ್ಟ ತಪ್ಪಿದಲ್ಲಿ ಮಾತ್ರ ಸೈಕಲ್ಲಿನವರಿಗೆ ಅದರ ಗಡಸುತನ ತಿಳಿಯುತ್ತದೆ. ಈ ಹಾಳುಗಳಲ್ಲಿ ಹೆಚ್ಚಿನವು ರಸ್ತೆಯ ಎಡ ಅಂಚಿನಲ್ಲೇ ಕೂಡಿಕೊಂಡಿರುತ್ತವೆ, ಸೈಕಲ್ಲಿನವರು ಹೋಗಬೇಕೆಂದು ಎಲ್ಲರೂ ಬಯಸುವ ಜಾಗವೂ ಅದೇ. 2012ರ ಸುಮಾರಿಗೆ ನಗರ ಭೂಸಾರಿಗೆ ನಿರ್ದೇಶನಾಲಯದ ಯೋಜನೆಯಂತೆ ಜಯನಗರದಲ್ಲಿ ಬಣ್ಣ ಬಳಿದು ಗುರುತಿಸಿದ ಸೈಕಲ್ ಪಥಗಳೂ ಅಂಚಿಗೇ ಬಂದವು, ಬೇಗನೆ ವಾಹನಗಳ ನಿಲುಗಡೆಗೆ ಒದಗಿದವು. ಮೋಟಾರಿನ ನೆರವಿರುವ ಸೈಕಲ್ಲು ಒಳರಸ್ತೆಗಳಲ್ಲಿ ಇತರ ವಾಹನಗಳ ವೇಗಕ್ಕೆ ಹತ್ತಿರವಾಗಿಯೇ ಸಾಗುವುದರಿಂದ, ಅಂಚಿನಿಂದ ಒಂದು ಮೀಟರು ಒಳಗೆ ಸರಿದು ಕಾರುಗಳ ಎಡಚಕ್ರ ಹಾಯುವ ನಯವಾದ ಜಾಡಿನಲ್ಲಿ ಹೋಗುವುದು ಸಾಧ್ಯ, ಬಾಗಿಲು ತೆರೆಯುವ ಕಾರುಗಳಿಂದ ದೂರವಿರಲೂ ಅದೇ ಮೇಲು. ಸುಖ ಕೊಡುವ ಉಪಾಯಗಳಲ್ಲಿ ಇಷ್ಟು ಅಗ್ಗದ್ದು ಇನ್ನೊಂದಿಲ್ಲ.

ಹಂಪುಗಳ ವಿಷಯ ಬೇರೆಯೇ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ರಸ್ತೆಯುಬ್ಬು 3.7 ಮೀಟರು ಅಗಲವಾಗಿ, ನಡುವೆ ಕೇವಲ 10 ಸೆಂಟಿಮೀಟರು ಎತ್ತರವಾಗಿ, 17 ಮೀಟರು ತ್ರಿಜ್ಯದ ವೃತ್ತದ ಒಂದು ತುಣುಕಿನಂತೆ ಇರಬೇಕೆಂದಿತ್ತು. ಅಂಥ ಹಂಪನ್ನು ಗಂಟೆಗೆ 25 ಕಿಲೋಮೀಟರಿನಲ್ಲಿ ಹಾಯಬಹುದೆಂಬುದು ಅದರ ಲೆಕ್ಕ, ಕಾಕತಾಳೀಯವೆಂಬಂತೆ ವಿದ್ಯುತ್ ಸೈಕಲ್ಲಿನ ಮಿತಿಯೂ ಅಷ್ಟೇ. ಆ ಅಳತೆಯ ಉಬ್ಬನ್ನು ದಾಟಲು ಚಕ್ರಕ್ಕೆ ಅರ್ಧ ಸೆಕೆಂಡು ಬೇಕು, ದೇಹ ತೂಗಿದಂತೆ ಎದ್ದು ಇಳಿಯುತ್ತದೆ. ಆದರೆ ಬಡಾವಣೆಯ ಅಡ್ಡರಸ್ತೆಗಳಲ್ಲಿ ಸಿಗುವುದು ಅರ್ಧ ಮೀಟರು ಅಗಲದ ರಬ್ಬರಿನ ಪಟ್ಟಿ ಇಲ್ಲವೇ ಕೈಗೆ ಬಂದಂತೆ ಸುರಿದ ಡಾಂಬರಿನ ದಿಬ್ಬ. ಅದೇ ವೇಗದಲ್ಲಿ ಅದನ್ನು ದಾಟಲು ಸೆಕೆಂಡಿನ ಹದಿನಾಲ್ಕನೆಯ ಒಂದು ಭಾಗ ಸಾಕು, ಅಷ್ಟು ಕಿರಿದಾದ ಹೊತ್ತಿನಲ್ಲಿ ಯಾವ ಸ್ಪ್ರಿಂಗೂ ಪೂರ್ತಿ ಕೆಲಸ ಮಾಡಲಾರದು. ಇಲ್ಲಿ ನೆರವಿಗೆ ಬರುವುದು ಕಾಲುಗಳೇ: ಥ್ರಾಟಲ್ಲು ಬಿಟ್ಟು, ಎರಡೂ ಪೆಡಲುಗಳನ್ನು ನೆಲಕ್ಕೆ ಸಮಾನಾಂತರವಾಗಿ ನಿಲ್ಲಿಸಿ, ಮೊಣಕಾಲು ಮೊಣಕೈಗಳನ್ನು ತುಸು ಮಡಿಸಿ ಆಸನದಿಂದ ಎರಡು ಬೆರಳಿನಷ್ಟು ಎದ್ದರೆ, ಮೋಟಾರು ಆಸನಕ್ಕೆ ಇಳಿಸಿದ್ದ ಭಾರ ಆ ಒಂದು ಕ್ಷಣ ಕಾಲುಗಳಿಗೆ ಮರಳುತ್ತದೆ.

ಸಲಕರಣೆಗಳ ಮಾತಿಗೆ ಬಂದರೆ, ಮೊದಲ ಸ್ಥಾನ ಟೈರಿನೊಳಗಿನ ಗಾಳಿಗೆ ಸಲ್ಲಬೇಕು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲು ಒರಟು ನೆಲದ ಮೇಲೆ ಕುಲುಕದಿರಲೆಂದು ಗಾಳಿ ತುಂಬಿದ ರಬ್ಬರಿನ ಕೊಳವೆಯನ್ನು ಚಕ್ರಕ್ಕೆ ಸುತ್ತಿದ. ಅವನಿಗೂ ನಾಲ್ಕು ದಶಕಗಳ ಮೊದಲೇ ರಾಬರ್ಟ್ ಥಾಮ್ಸನ್ ಎಂಬಾತ ಇದೇ ಯುಕ್ತಿಗೆ ಪೇಟೆಂಟು ಪಡೆದಿದ್ದರೂ ಲೋಕ ಅದನ್ನು ಮರೆತಿತ್ತು. ಇಂದು ಓಟದ ವೇಗದೊಡನೆ ತಳಕು ಹಾಕಿಕೊಂಡಿರುವ ಗಾಳಿಯ ಟೈರು ಹುಟ್ಟಿದ್ದು ಒಬ್ಬ ಹುಡುಗನ ಸುಖಕ್ಕಾಗಿ ಎಂಬುದನ್ನು ಗಟ್ಟಿಯಾಗಿ ಗಾಳಿ ಹೊಡೆಸುವ ಈಗಿನ ರೂಢಿ ಮರೆಸಿಬಿಟ್ಟಿದೆ. ಗಾಳಿಯ ತೂಕ ಇಲ್ಲವೆನ್ನುವಷ್ಟು ಕಡಿಮೆ, ಅದು ನೆಲಕ್ಕೆ ತಾಗುವ ಜಾಗದಲ್ಲೇ ಕೂತಿರುತ್ತದೆ, ಸವೆಯುವುದಿಲ್ಲ, ಎಣ್ಣೆ ಬೇಡುವುದಿಲ್ಲ. ಸಣ್ಣ ಕಂಪನಗಳನ್ನು ಹುಟ್ಟಿದಲ್ಲೇ ನುಂಗುವ ಇಂಥ ಸ್ಪ್ರಿಂಗನ್ನು ಯಾವ ಕಾರ್ಖಾನೆಯೂ ಉಕ್ಕಿನಲ್ಲಿ ಮಾಡಿಕೊಡಲಾರದು.

ಗಾಳಿಯ ಒತ್ತಡವನ್ನು ನಮ್ಮಲ್ಲಿ ಪಿಎಸ್‌ಐ ಎಂಬ ಅಳತೆಯಲ್ಲಿ ಹೇಳುವುದು ವಾಡಿಕೆ, ಅದು ಒಂದು ಚದರ ಅಂಗುಲದ ಮೇಲೆ ಬೀಳುವ ಪೌಂಡಿನ ಲೆಕ್ಕ. ಎಪ್ಪತ್ತು ಕಿಲೋ ತೂಕದ ಸವಾರ, ಇಪ್ಪತ್ತಮೂರು ಕಿಲೋದ ಸೈಕಲ್ಲು, ಐದು ಕಿಲೋದ ಚೀಲ ಸೇರಿದರೆ ಸುಮಾರು ನೂರು ಕಿಲೋ. ಅದರಲ್ಲಿ ಅರವತ್ತು ಪಾಲು ಹಿಂದಿನ ಚಕ್ರದ ಮೇಲೆ ಬೀಳುತ್ತದೆ. ಒತ್ತಡ 60 ಪಿಎಸ್‌ಐ ಇದ್ದಾಗ ಆ ಟೈರು ನೆಲವನ್ನು ತಬ್ಬುವ ಜಾಗ ಸುಮಾರು 14 ಚದರ ಸೆಂಟಿಮೀಟರು, 40ಕ್ಕೆ ಇಳಿಸಿದರೆ 21. ಜಲ್ಲಿಕಲ್ಲೊಂದು ಸಿಕ್ಕಿದಾಗ ಮೊದಲಿನ ಟೈರು ಅದರ ಮೇಲೇರಿ ಇಳಿಯುತ್ತದೆ, ಎರಡನೆಯದು ಅದನ್ನು ತನ್ನೊಳಕ್ಕೆ ಒತ್ತಿಕೊಂಡು ಮುಂದೆ ಹೋಗುತ್ತದೆ. ಸವಾರ ಕುಳಿತಾಗ ಟೈರು ತನ್ನ ದಪ್ಪದ ನೂರಕ್ಕೆ 15 ಭಾಗ ಕುಗ್ಗುವಂತಿದ್ದರೆ ಸುಖಕ್ಕೂ ಓಟಕ್ಕೂ ಹೊಂದುತ್ತದೆ ಎಂಬ ಸೂತ್ರವನ್ನು ಬಳಕೆಗೆ ತಂದವನು ಅಮೆರಿಕದ ಸೈಕಲ್ ತಂತ್ರಜ್ಞ ಫ್ರಾಂಕ್ ಬರ್ಟೊ. 50 ಮಿಲಿಮೀಟರು ದಪ್ಪದ ಟೈರಿಗೆ ಇದು ಏಳೆಂಟು ಮಿಲಿಮೀಟರಾಗುತ್ತದೆ. ಖಾಲಿ ಸೈಕಲ್ಲಿನ ರಿಮ್ಮಿನಿಂದ ನೆಲಕ್ಕಿರುವ ಎತ್ತರವನ್ನು ಅಳತೆಪಟ್ಟಿಯಲ್ಲಿ ನೋಡಿಕೊಂಡು, ಗೋಡೆ ಹಿಡಿದು ಕುಳಿತಾಗ ಇನ್ನೊಬ್ಬರಿಂದ ಮತ್ತೆ ಅಳೆಯಿಸಿದರೆ ಲೆಕ್ಕ ಸಿಗುತ್ತದೆ. ಮೇಲಿನ ತೂಕದವರು ಅಂಥ ಟೈರಿನಲ್ಲಿ ಹಿಂದೆ 40, ಮುಂದೆ 32ರ ಸುಮಾರಿನಿಂದ ಆರಂಭಿಸಿ ತಮಗೊಪ್ಪುವಂತೆ ಏರಿಳಿಸಬಹುದು. ಟೈರಿನ ಪಕ್ಕದಲ್ಲಿ ಅಚ್ಚು ಹಾಕಿರುವ ಕನಿಷ್ಠ ಮಿತಿಗಿಂತ ಕೆಳಗಿಳಿಯುವಂತಿಲ್ಲ. ಹಾಗಿಳಿದರೆ ಗುಂಡಿಯ ಅಂಚಿಗೆ ರಿಮ್ಮೇ ಬಡಿದು, ನಡುವೆ ಸಿಕ್ಕಿದ ಟ್ಯೂಬಿನಲ್ಲಿ ಹಾವು ಕಚ್ಚಿದಂಥ ಜೋಡಿ ತೂತು ಬೀಳುತ್ತದೆ.

ಗಟ್ಟಿ ಟೈರು ಹಗುರಾಗಿ ಉರುಳುತ್ತದೆ, ಬ್ಯಾಟರಿ ಹೆಚ್ಚು ದೂರ ಬರುತ್ತದೆ ಎಂಬ ನಂಬಿಕೆ ನಯವಾದ ನೆಲದ ಮಟ್ಟಿಗೆ ನಿಜ. ಒರಟು ರಸ್ತೆಯಲ್ಲಿ ಸೈಕಲ್ಲೂ ಸವಾರನೂ ಎದ್ದೆದ್ದು ಬೀಳುವುದಕ್ಕೆ ಬೇಕಾದ ಶಕ್ತಿಯೂ ಅದೇ ಬ್ಯಾಟರಿಯಿಂದಲೇ ಹೋಗಬೇಕಾದ್ದರಿಂದ ಆ ಲಾಭ ಕರಗಿಹೋಗುತ್ತದೆ. ಗಟ್ಟಿ ಗಾಳಿಯ ಹಿಂದೆ ಇನ್ನೊಂದು ಭಯವೂ ಅಡಗಿದೆ. ನಮ್ಮಲ್ಲಿ ಮಾರಾಟವಾಗುವ ಅನೇಕ ಮಾದರಿಗಳಲ್ಲಿ ಮೋಟಾರು ಹಿಂದಿನ ಚಕ್ರದ ಹಬ್ಬಿನಲ್ಲಿ, ಎಂದರೆ ಕಡ್ಡಿಗಳು ಕೂಡುವ ನಡುಗುಂಬದಲ್ಲಿ ಕೂತಿರುತ್ತದೆ. ಪಂಕ್ಚರಾದರೆ ಕೇಬಲ್ಲು ಬಿಡಿಸಿ, ದೊಡ್ಡ ನಟ್ಟುಗಳನ್ನು ಸಡಿಲಿಸಿ, ಭಾರದ ಚಕ್ರವನ್ನು ಹೊರತೆಗೆಯಬೇಕಾಗುವುದರಿಂದ ಬೀದಿಬದಿಯ ಪಂಕ್ಚರ್ ಅಂಗಡಿಯವರು ಹಿಂಜರಿಯುತ್ತಾರೆ, ಪಂಕ್ಚರಿಗೆ ಹೆದರಿದ ಮಾಲೀಕರು ಟೈರನ್ನು ಕಲ್ಲಿನಂತೆ ಮಾಡಿಸಿಕೊಳ್ಳುತ್ತಾರೆ. ಚಕ್ರವನ್ನು ಬಿಚ್ಚದೆಯೇ ಟೈರಿನ ಒಂದು ಅಂಚನ್ನು ಎಬ್ಬಿಸಿ ಟ್ಯೂಬನ್ನು ಹೊರಗೆಳೆದು ತೇಪೆ ಹಾಕುವುದು ಹಳೆಯ ಅಂಗಡಿಗಳವರು ಬಲ್ಲ ಕೆಲಸವೇ. ಹಳೆಯ ಸೈಕಲ್ಲಿನ ಬಗೆಯ ವಾಲ್ವಿನಲ್ಲಿ ಮೀಟರಿನಿಂದ ಒತ್ತಡ ಅಳೆಯುವುದು ಕಷ್ಟವಾಗಿ, ಹೆಬ್ಬೆರಳಿನಿಂದ ಒತ್ತಿ ನೋಡುವ ರೂಢಿ ಬೆಳೆದಿತ್ತು. ವಿದ್ಯುತ್ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಸ್ಕೂಟರಿನ ಬಗೆಯ ವಾಲ್ವೇ ಇರುವುದರಿಂದ ಮೀಟರಿರುವ ನಿಲ್ಲಿಸಿ ಒತ್ತುವ ಪಂಪೊಂದನ್ನು ಮನೆಯಲ್ಲಿಟ್ಟುಕೊಂಡು ವಾರಕ್ಕೊಮ್ಮೆ ನೋಡಿಕೊಳ್ಳಬಹುದು.

ಟೈರಿನ ದಪ್ಪವನ್ನು 40ರಿಂದ 50 ಮಿಲಿಮೀಟರಿಗೆ ಏರಿಸಿದರೆ ಒಳಗಿನ ಗಾಳಿಯ ಪ್ರಮಾಣ ಒಂದೂವರೆ ಪಟ್ಟಿಗೂ ತುಸು ಹೆಚ್ಚಾಗುತ್ತದೆ. ಚಕ್ರವನ್ನು ಹಿಡಿದಿರುವ ಕವಲಾದ ಫೋರ್ಕಿನಲ್ಲಿ, ಮಡ್‌ಗಾರ್ಡಿನಡಿ ಜಾಗವಿದೆಯೇ ಎಂದು ನೋಡಿಕೊಂಡು ಮಾಡಬಹುದಾದ ಈ ಬದಲಾವಣೆ ಕೊಟ್ಟ ಹಣಕ್ಕೆ ಮೋಸ ಮಾಡುವುದಿಲ್ಲ. ಚಕ್ರ ದೊಡ್ಡದಾದಷ್ಟೂ ಗುಂಡಿಯೊಳಗೆ ಇಳಿಯುವುದು ಕಡಿಮೆ. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮೆಟ್ರೋ ಮಾರ್ಗ ಆರಂಭವಾದ ಮೇಲೆ ನಿಲ್ದಾಣದವರೆಗೆ ಹೋಗಲೆಂದು ಮಡಚುವ ಸಣ್ಣ ವಿದ್ಯುತ್ ಸೈಕಲ್ಲನ್ನು ಯೋಚಿಸುವವರು, ಇಪ್ಪತ್ತು ಅಂಗುಲದ ಅದರ ಚಕ್ರಗಳು ಇದೇ ರಸ್ತೆಯನ್ನು ಇನ್ನಷ್ಟು ಒರಟಾಗಿ ತೋರಿಸುತ್ತವೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಾಲಿನವರೂ ಅಂಚೆಯವರೂ ತುಳಿಯುತ್ತಿದ್ದ ಅಟ್ಲಾಸ್, ಹೀರೋ, ಹರ್ಕ್ಯುಲಸ್ ಸೈಕಲ್ಲುಗಳನ್ನು ಈ ಕಣ್ಣಿನಿಂದ ನೋಡಿದರೆ ಅವುಗಳ ಒಂದೊಂದು ಅಂಗಕ್ಕೂ ಅರ್ಥ ಹೊಳೆಯುತ್ತದೆ. ಇಪ್ಪತ್ತೆಂಟು ಅಂಗುಲದ ಎತ್ತರದ ಚಕ್ರ, ಮುಂದಕ್ಕೆ ಬಾಗಿ ಬಿಲ್ಲಿನಂತೆ ಬಳುಕುವ ಉಕ್ಕಿನ ಫೋರ್ಕು, ಚಕ್ರದಿಂದ ಚಕ್ರಕ್ಕೆ ಉದ್ದವಾದ ಅಂತರ, ಸವಾರನ ಕಡೆಗೆ ತಿರುಗಿಬಂದ ಹ್ಯಾಂಡಲು, ಅಡಿಯಲ್ಲಿ ಸುರುಳಿ ಸ್ಪ್ರಿಂಗುಗಳಿದ್ದ ಅಗಲ ಸೀಟು, ಇವೆಲ್ಲ ಹದಗೆಟ್ಟ ರಸ್ತೆಯಲ್ಲಿ ಬೆನ್ನು ನೆಟ್ಟಗೆ ಮಾಡಿ ದಿನವಿಡೀ ಕೂರುವವರಿಗೆಂದೇ ಮಾಡಿದ ಏರ್ಪಾಡುಗಳು. ಬೆಟ್ಟದ ಸೈಕಲ್ಲಿನ ಠೀವಿಯನ್ನು ಹೊತ್ತುಬಂದ ವಿದ್ಯುತ್ ಸೈಕಲ್ಲುಗಳ ನೇರ ಹ್ಯಾಂಡಲು, ಕಿರಿದಾದ ಸೀಟು ಬಲವಾಗಿ ತುಳಿಯುವವರಿಗೆ ಹೊಂದುವಂಥವು. ಕಾಲಿನ ಭಾರವನ್ನು ಮೋಟಾರಿಗೆ ಒಪ್ಪಿಸಿದವರಿಗೆ ಹಳೆಯ ಹಾಲಿನ ಸೈಕಲ್ಲಿನ ಬುದ್ಧಿಯೇ ಹೆಚ್ಚು ಒಗ್ಗುತ್ತದೆ.

ಆಸನದ ವಿಷಯದಲ್ಲಿ ಜನ ಮೊದಲು ಮಾಡುವ ಕೆಲಸ ಜೆಲ್ ತುಂಬಿದ ಮೆತ್ತನೆಯ ಹೊದಿಕೆ ಕೊಂಡು ತರುವುದು, ಅದು ಅನೇಕರಿಗೆ ನೋವನ್ನು ಹೆಚ್ಚಿಸುತ್ತದೆ. ಕುಳಿತಾಗ ಭಾರ ಹೊರಬೇಕಾದವು ಸೊಂಟದ ಎಲುಬಿನ ಕೆಳತುದಿಯ ಎರಡು ಗುಬುಟುಗಳು. ಅತಿ ಮೆತ್ತನೆಯ ಹೊದಿಕೆಯಲ್ಲಿ ಅವು ಹೂತುಹೋಗಿ, ನಡುವೆ ಉಬ್ಬಿ ನಿಂತ ಜೆಲ್ಲು ನರಗಳೂ ರಕ್ತನಾಳಗಳೂ ಇರುವ ಮೃದುಭಾಗವನ್ನು ಒತ್ತುತ್ತದೆ. ರಟ್ಟಿನ ತುಂಡನ್ನು ಗಟ್ಟಿ ಸ್ಟೂಲಿನ ಮೇಲಿಟ್ಟು ಒಂದು ನಿಮಿಷ ಕುಳಿತೆದ್ದರೆ ಮೂಡುವ ಎರಡು ತಗ್ಗುಗಳ ಅಂತರವನ್ನು ಅಳೆದು, ಅದಕ್ಕಿಂತ ಎರಡು ಮೂರು ಸೆಂಟಿಮೀಟರು ಅಗಲವಾದ ಸೀಟನ್ನು ಆರಿಸಿಕೊಳ್ಳುವುದು ಸರಿಯಾದ ದಾರಿ. ಹೆಂಗಸರಲ್ಲಿ ಈ ಅಂತರ ಸಾಮಾನ್ಯವಾಗಿ ಹೆಚ್ಚು. ಸೀಟು ನೆಲಕ್ಕೆ ಸಮವಾಗಿರಬೇಕು, ಮೂತಿ ಕೆಳಗೆ ಬಾಗಿದ್ದರೆ ಮೈ ಜಾರುತ್ತಾ ಅಂಗೈಗಳ ಮೇಲೆ ಭಾರ ಬೀಳುತ್ತದೆ. ಎತ್ತರವಂತೂ ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟಾಗ ಕಾಲು ನೆಟ್ಟಗಾಗುವಷ್ಟಿರಬೇಕು. ಸಿಗ್ನಲ್ಲಿನಲ್ಲಿ ಎರಡೂ ಪಾದ ನೆಲಕ್ಕೂರಲೆಂದು ಸೀಟನ್ನು ತಗ್ಗಿಸಿಕೊಂಡವರ ಮೊಣಕಾಲು ನೋಯುವುದಲ್ಲದೆ ಕಾಲುಗಳು ಭಾರ ಹೊರುವ ಅವಕಾಶವನ್ನೇ ಕಳೆದುಕೊಳ್ಳುತ್ತವೆ.

ಸೀಟನ್ನು ಹೊತ್ತಿರುವ ಕೊಳವೆಯ ಬದಲು ಸ್ಪ್ರಿಂಗಿನ ಕೊಳವೆ ಹಾಕುವುದು, ಅಂಗಡಿಯವರು ಸಸ್ಪೆನ್ಶನ್ ಸೀಟ್ ಪೋಸ್ಟ್ ಎನ್ನುವುದು, ಹಿಂದುಗಡೆ ಸ್ಪ್ರಿಂಗಿಲ್ಲದ ವಿದ್ಯುತ್ ಸೈಕಲ್ಲಿಗೆ ಮಾಡಬಹುದಾದ ಸುಧಾರಣೆಗಳಲ್ಲಿ ಟೈರಿನ ನಂತರದ್ದು. ಇದರಲ್ಲಿ ಎರಡು ಜಾತಿ. ಕೊಳವೆಯೊಳಗೆ ಕೊಳವೆ ಇಳಿಯುವ ಅಗ್ಗದ ಬಗೆಯಲ್ಲಿ ತಿಕ್ಕಾಟ ಹೆಚ್ಚಾಗಿ ಸಣ್ಣ ಕಂಪನಗಳಿಗೆ ಅದು ಮಿಸುಕುವುದೇ ಇಲ್ಲ, ಮಳೆ ಧೂಳುಗಳಲ್ಲಿ ಒಂದು ವರ್ಷ ಓಡಿದ ಮೇಲೆ ಸೀಟು ಎಡಬಲಕ್ಕೆ ಅಲ್ಲಾಡಲೂ ಶುರುವಾಗುತ್ತದೆ. ನಾಲ್ಕು ಕೀಲುಗಳ ಮೇಲೆ ಸೀಟು ಹಿಂದಕ್ಕೂ ಕೆಳಕ್ಕೂ ಸರಿಯುವ ಎರಡನೆಯ ಬಗೆ ದುಬಾರಿಯಾದರೂ ಹಿಂದಿನ ಚಕ್ರ ಎಸೆಯುವ ದಿಕ್ಕಿನಲ್ಲೇ ಬಾಗುವುದರಿಂದ ನಿಜವಾದ ಸುಖ ಕೊಡುತ್ತದೆ. ಕೊಳ್ಳುವ ಮೊದಲು ಹಳೆಯ ಕೊಳವೆಯ ಮೇಲೆ 27.2 ಅಥವಾ 30.9 ಎಂಬಂತೆ ಕೊರೆದಿರುವ ವ್ಯಾಸವನ್ನು ನೋಡಿಕೊಳ್ಳಬೇಕು, ಕನಿಷ್ಠ ಒಳಗಿರಬೇಕಾದ ಗೆರೆಗಿಂತ ಮೇಲೆ ಎಳೆಯಕೂಡದು, ಸವಾರರ ತೂಕಕ್ಕೆ ತಕ್ಕ ಸ್ಪ್ರಿಂಗನ್ನೇ ಕೇಳಿ ಪಡೆಯಬೇಕು.

ಮುಂದಿನ ಸ್ಪ್ರಿಂಗ್ ಫೋರ್ಕಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅಗ್ಗದ ಮಾದರಿಗಳಲ್ಲಿ ಅದು ಜಾಹೀರಾತಿನ ಚಿತ್ರಕ್ಕೆ ಮೆರುಗು ಕೊಟ್ಟಷ್ಟು ಅಂಗೈಗಳಿಗೆ ಆರಾಮ ಕೊಡುವುದಿಲ್ಲ: ದೊಡ್ಡ ಹೊಡೆತಕ್ಕೆ ಕುಸಿಯುತ್ತದೆ, ಕುಸಿದದ್ದನ್ನು ನಿಧಾನವಾಗಿ ಮರಳಿಸುವ ಎಣ್ಣೆಯ ಏರ್ಪಾಡು ಇಲ್ಲದೆ ಉಯ್ಯಾಲೆಯಂತೆ ಪುಟಿಯುತ್ತದೆ. ಫೋರ್ಕಿನ ಮೇಲ್ತುದಿಯ ತಿರುಪು ಸ್ಪ್ರಿಂಗಿನ ಗಡಸುತನವನ್ನು ಬದಲಿಸುವುದಿಲ್ಲ, ಅದು ಯಾವ ಭಾರಕ್ಕೆ ಕದಲಲು ಆರಂಭಿಸಬೇಕೆಂಬುದನ್ನಷ್ಟೇ ನಿರ್ಧರಿಸುತ್ತದೆ. ಕೈಗಳಿಗೆ ಅದಕ್ಕಿಂತ ಹೆಚ್ಚು ನೆರವಾಗುವುದು ಹ್ಯಾಂಡಲನ್ನು ನಾಲ್ಕಾರು ಸೆಂಟಿಮೀಟರು ಎತ್ತರಿಸಿ ಹತ್ತಿರ ತಂದುಕೊಳ್ಳುವುದು, ಮತ್ತು ಅಂಗೈ ಊರಲು ರೆಕ್ಕೆಯಂಥ ಅಗಲವಿರುವ ಹಿಡಿಗಳನ್ನು ಹಾಕಿಸುವುದು. ಮಣಿಕಟ್ಟು ಮುರಿದಂತೆ ಬಾಗಿರುವಾಗ ಕಿರುಬೆರಳಿನ ಕಡೆಗೆ ಹೋಗುವ ನರ ಒತ್ತಿಕೊಂಡು ಜೋಮು ಹಿಡಿಯುತ್ತದೆ.

ಸುಖವೆಂದರೆ ಮೇಲೆ ಕೆಳಗಿನ ಕುಲುಕಾಟದ ಮಾತು ಮಾತ್ರವೂ ಅಲ್ಲ. ಪೆಡಲು ತಿರುಗುತ್ತಿದೆಯೇ ಇಲ್ಲವೇ ಎಂಬುದನ್ನಷ್ಟೇ ಅಯಸ್ಕಾಂತಗಳಿಂದ ತಿಳಿಯುವ ಕೇಡೆನ್ಸ್ ಸೆನ್ಸರ್ ಇರುವ ಸೈಕಲ್ಲುಗಳಲ್ಲಿ ಮೋಟಾರು ಅರ್ಧ ಸುತ್ತಿನ ತಡದ ಮೇಲೆ ಒಮ್ಮೆಲೇ ನುಗ್ಗುತ್ತದೆ, ಸೌತ್ ಎಂಡ್ ವೃತ್ತದಂಥ ಸಂದಣಿಯಲ್ಲಿ ಪ್ರತಿ ಸಲ ಕತ್ತು ಹಿಂದಕ್ಕೆ ಜಗ್ಗಿದಂತಾಗುತ್ತದೆ. ಕಾಲಿನ ಒತ್ತಡವನ್ನೇ ಅಳೆದು ಅದಕ್ಕೆ ತಕ್ಕಷ್ಟು ನೆರವು ಕೊಡುವ ಟಾರ್ಕ್ ಸೆನ್ಸರ್ ಇದ್ದರೆ ಆ ಎಳೆದಾಟವಿಲ್ಲ, ಜೊತೆಗೆ ಕಾಲಿಗೆ ತುಸು ಕೆಲಸ ಉಳಿದೇ ಇರುವುದರಿಂದ ಆಸನದ ಭಾರವೂ ಇಳಿಯುತ್ತದೆ. ಸೆನ್ಸರನ್ನು ಬದಲಿಸಲಾಗದವರು ನೆರವಿನ ಮಟ್ಟವನ್ನು ಒಂದು ಮೆಟ್ಟಿಲು ಇಳಿಸಿ, ಗೇರನ್ನು ಒಂದು ಹಲ್ಲು ಭಾರವಾಗಿಸಿ ಓಡಿಸಿದರೆ ಇದಕ್ಕೆ ಹತ್ತಿರದ ಅನುಭವ ಸಿಗುತ್ತದೆ. ಲ್ಯಾಪ್‌ಟಾಪು, ಊಟದ ಡಬ್ಬಿ, ನೀರಿನ ಬಾಟಲಿಗಳ ಚೀಲವನ್ನು ಬೆನ್ನಿನಿಂದ ಇಳಿಸಿ ಕ್ಯಾರಿಯರಿನ ಪಕ್ಕಕ್ಕೆ ತೂಗುಹಾಕಿದರೆ ಪ್ರತಿ ಗುಂಡಿಯಲ್ಲೂ ಬೆನ್ನುಮೂಳೆ ಹೊರಬೇಕಾಗಿದ್ದ ಐದು ಕಿಲೋ ಚಕ್ರದ ಪಾಲಾಗುತ್ತದೆ, ಅಷ್ಟಕ್ಕೆ ತಕ್ಕಂತೆ ಹಿಂದಿನ ಟೈರಿಗೆ ಎರಡು ಪಿಎಸ್‌ಐ ಹೆಚ್ಚಿಸಿದರಾಯಿತು.

ಒಂದೇ ಸೈಕಲ್ಲನ್ನು ಮನೆಯಲ್ಲಿ ಇಬ್ಬರು ಬಳಸುವುದು ನಮ್ಮಲ್ಲಿ ಸಾಮಾನ್ಯ: ಬೆಳಗ್ಗೆ ಎಂಬತ್ತು ಕಿಲೋದ ತಂದೆ ಜಯನಗರ ನಾಲ್ಕನೇ ಬ್ಲಾಕಿಗೆ ತರಕಾರಿಗೆಂದು ಹೋಗಿಬಂದದ್ದನ್ನೇ ಐವತ್ತು ಕಿಲೋದ ಮಗಳು ಬಿಟಿಎಂನ ಕಚೇರಿಗೆ ಓಡಿಸುತ್ತಾಳೆ. ತಂದೆಗೆ ಹೊಂದಿದ ಗಾಳಿ ಮಗಳಿಗೆ ಕಲ್ಲಿನಂತೆ ತೋರುತ್ತದೆ, ಮಗಳಿಗೆ ಹೊಂದಿದ ಸೀಟಿನ ಸ್ಪ್ರಿಂಗು ತಂದೆಯ ಭಾರಕ್ಕೆ ತಳ ಮುಟ್ಟುತ್ತದೆ. ಇಂಥ ಮನೆಯಲ್ಲಿ ಗಾಳಿಯನ್ನು ಭಾರ ಹೆಚ್ಚಿರುವವರ ಕನಿಷ್ಠ ಅಗತ್ಯಕ್ಕೆ ನಿಲ್ಲಿಸಿ, ಸೀಟಿನ ಸ್ಪ್ರಿಂಗಿನ ತಿರುಪನ್ನು ಇಬ್ಬರ ನಡುವಿನ ತೂಕಕ್ಕೆ ಹೊಂದಿಸಿ, ಸೀಟಿನ ಕೊಳವೆಯ ಮೇಲೆ ಇಬ್ಬರ ಎತ್ತರಕ್ಕೂ ಉಗುರುಬಣ್ಣದ ಒಂದೊಂದು ಗೆರೆ ಎಳೆದಿಟ್ಟುಕೊಂಡರೆ, ಕೊಳವೆಯ ಬಿಗಿಯನ್ನು ಸಡಿಲಿಸಿ ಮತ್ತೆ ಬಿಗಿಯುವ ಅರ್ಧ ನಿಮಿಷದಲ್ಲಿ ಸೈಕಲ್ಲು ಒಬ್ಬರಿಂದ ಇನ್ನೊಬ್ಬರದಾಗುತ್ತದೆ.